ಮೋಡದ ಕೆಳಗಿನ ಗೋಧಿ

೨೬ ನವೆಂಬರ್ ೧೯೮೩

ಹತ್ತನೇ ಇಯತ್ತೆ ಬಿಟ್ಟೆ, ವಾಡಿ ಸ್ಟೇಷನ್ನಿನ ಚಹಾದಂಗಡಿ ಬಿಟ್ಟೆ, ಶಹಾಬಾದಿನ ಕಲ್ಲಿನ ಗಣಿ ಬಿಟ್ಟೆ. ಇದನ್ನೂ ಬಿಡುತ್ತೀ ಎಂದು ಅಮ್ಮಿ ಹೇಳುತ್ತಾಳೆ. ಇರಬಹುದು. ಆದರೆ ಇವತ್ತು ಮೊದಲ ದಿನ ಮುಗಿದಾಗ ಬಿಡಬೇಕು ಅನಿಸಲಿಲ್ಲ.

ಕೆಲಸ ಇಷ್ಟೆ. ಹೈದರಾಬಾದಿನಿಂದ ಬಂದ ಲಲಿತಾಬಾಯಿ ಮೇಡಂ ಹತ್ತಿರ ಉಪಗ್ರಹ ಆಕಾಶದಿಂದ ತೆಗೆದ ಚಿತ್ರಗಳಿವೆ. ಅದರಲ್ಲಿ ಗುರುತು ಮಾಡಿದ ಜಾಗಕ್ಕೆ ನಾನು ನಡೆದು ಹೋಗಿ, ನೆಲದ ಮೇಲೆ ನಿಜವಾಗಿ ಏನಿದೆ ಎಂದು ನೋಡಿ ಬಂದು ಹೇಳಬೇಕು. ತೊಗರಿ ಇದ್ದರೆ ತೊಗರಿ, ಬೀಳು ಇದ್ದರೆ ಬೀಳು.

“ಕಣ್ಣಿಗಿ ಕಂಡಿದ್ದು ಹೇಳು ಬಂದೇಅಲಿ, ನಿನಗ ಅನಿಸಿದ್ದು ಬ್ಯಾಡ,” ಎಂದರು ಮೇಡಂ. ಅವರ ತವರು ಕಲಬುರ್ಗಿ. ಹೈದರಾಬಾದಿನಲ್ಲಿದ್ದರೂ ಮಾತು ನಮ್ಮದೇ.

ಇಂಥ ಕೆಲಸ ಜಗತ್ತಿನಲ್ಲಿ ಇದೆ ಎಂದು ಯಾರೂ ನನಗೆ ಹೇಳಿರಲಿಲ್ಲ. ಸೇಡಂ ಶಾಲೆಗೆ ಇನ್‌ಸ್ಪೆಕ್ಟರ್ ಬಂದಾಗ, ಈ ಉತ್ತರಗಳನ್ನು ಮಾಸ್ತರರು ನಿನ್ನೆಯೇ ಬಾಯಿಪಾಠ ಮಾಡಿಸಿದ್ದಾರೆ ಎಂದು ನಾನು ಕಂಡದ್ದನ್ನೇ ಹೇಳಿದ್ದೆ. ಹೇಳಿ ಚೀಲ ಎತ್ತಿಕೊಂಡು ಹೊರಟು ಬಂದೆ. ಇಲ್ಲಿ ಅದಕ್ಕೆ ಕೂಲಿ ಕೊಡುತ್ತಾರೆ.

ಈ ಚಿತ್ರ ನಮ್ಮೂರಿಗೂ ಬೇಕಾದದ್ದು. ನಮ್ಮೂರು ಕಾಲುವೆಯ ತುದಿಯಲ್ಲಿದೆ. ಮೇಲಿನ ಊರಿನವರು ಇಲ್ಲದ ಬೆಳೆಯನ್ನೂ ಇದೆ ಎಂದು ಬರೆಸಿ ನೀರು ಎಳೆದುಕೊಳ್ಳುತ್ತಾರೆ. ಹೋದ ವರ್ಷ ಜನವರಿಯ ನೀರು ಬಾರದೆ ಇಲ್ಲಿಯವರ ಗೋಧಿ ನಿಂತಲ್ಲೇ ಹುಲ್ಲಾಯಿತು. ಈ ಸಲ ಕಾಲುವೆಯ ಇಂಜಿನಿಯರ್ ನಾಗೇಂದ್ರಪ್ಪ ಸಾಹೇಬರು ಖಡಾಖಂಡಿತ ಹೇಳಿದ್ದಾರೆ. ಡಿಸೆಂಬರ್ ಚಿತ್ರದಲ್ಲಿ ಎಲ್ಲಿ ಬೆಳೆ ಕಾಣುತ್ತದೋ ಅಲ್ಲಿಗೆ ಜನವರಿಯಲ್ಲಿ ಎರಡು ಸರದಿ ನೀರು. ಕಾಣದಿದ್ದರೆ ತೂಬು ಬಂದ್.

ಅಬ್ಬಾ ಗೋಧಿ ಬಿತ್ತಿದ್ದಾನೆ. ಅವನ ಹೊಲ, ಅವನ ಗೋಧಿ. ನನಗೆ ಆ ಕಪ್ಪು ಮಣ್ಣಿನ ಮೇಲೆ ಪ್ರೀತಿ ಇಲ್ಲ.

೨೯ ನವೆಂಬರ್

ಚಿಂಚೋಳಿ ಕಡೆ ಗುಡ್ಡ ಹತ್ತಿದೆವು. ಚಿತ್ರದಲ್ಲಿ ಕಾಡು ಕಡುಗೆಂಪು, ತೊಗರಿ ತಿಳಿಗೆಂಪು, ಕೆರೆಯ ನೀರು ಕಪ್ಪು, ಬರಿಯ ನೆಲ ಬೂದು. ಹಸಿರೆಲ್ಲ ಕೆಂಪಾಗಿ ಬರುವ ಹಾಗೆ ಮಾಡಿದ ಚಿತ್ರವಂತೆ. ಹಾಗೆ ಮಾಡಿದರೆ ಜೀವ ಇರುವ ಎಲೆ ಬೇಗ ಗೊತ್ತಾಗುತ್ತದೆ. ಸಂಜೆಯವರೆಗೆ ನಡೆದೆ. ಕಾಲು ನೋಯುತ್ತಿದೆ, ಮನಸ್ಸು ಸುಮ್ಮನಿದೆ. ಹೀಗಾಗುವುದು ಅಪರೂಪ.

೩ ಡಿಸೆಂಬರ್

ಇವತ್ತು ನಮ್ಮೂರಿನ ಸರದಿ. ಮೇಡಂ ಜೀಪಿನಲ್ಲೇ ಕುಳಿತು ಏನೋ ಬರೆಯುತ್ತಿದ್ದರು. ಚಿತ್ರ ಹಿಡಿದು ನಾನು ಗುರುಲಿಂಗಪ್ಪ ಕಾಕಾರ ಕಟ್ಟೆಗೆ ಹೋದೆ. ಊರಿನ ಮಾತೆಲ್ಲ ಮೊದಲು ಅವರ ಕಟ್ಟೆ ಹತ್ತಿ, ಆಮೇಲೆ ಬೀದಿಗೆ ಇಳಿಯುತ್ತದೆ.

“ಇದರಾಗ ನಮ್ಮ ಹೊಲ ಯಾವ್ದೋ?”

ತೋರಿಸಿದೆ. ಅವರ ಎರಡು ಹೊಲಗಳಲ್ಲಿ ತೊಗರಿ ನಿಂತದ್ದು. ಕೆಂಪಗಿತ್ತು.

“ಕೆಂಪ ಯಾಕ ಅದ?”

“ಹಸಿರು ಇದ್ದಲ್ಲಿ ಕೆಂಪ ಕಾಣ್ತದ ಕಾಕಾ.”

“ನಮ್ಮ ಕಣ್ಣಿಗಿ ಹಸಿರು, ಸರ್ಕಾರದ ಕಣ್ಣಿಗಿ ಕೆಂಪ? ಚಲೋ ಕಣ್ಣಪಾ.”

ಎಲ್ಲರೂ ನಕ್ಕರು. ಆದರೆ ಆ ನಗು ಬೇಗ ನಿಂತಿತು. ಏಕೆಂದು ನನಗೆ ಗೊತ್ತಿತ್ತು. ಕಾಗಿಣಾದ ಆಚೆ ದಂಡೆಯಲ್ಲಿ ಸಿಮೆಂಟಿನ ಕಾರ್ಖಾನೆಗೆ ಹೊಲ ಹಿಡಿದಾಗ ಮೊದಲು ಬಂದದ್ದು ಜನ ಅಲ್ಲ, ಬಣ್ಣ. ಒಂದು ಮುಂಜಾನೆ ಬದುವಿನ ಕಲ್ಲಿಗೆಲ್ಲ ಕೆಂಪು ಹಚ್ಚಿತ್ತು. ವರ್ಷದೊಳಗೆ ಆ ಹೊಲಗಳು ಗುಂಡಿಯಾದವು. ನಮ್ಮೂರಿನ ಮಣ್ಣಿನ ಕೆಳಗೂ ಅದೇ ಕಲ್ಲು ಇದೆ.

“ಈ ಕಾಗದ ಕಾರ್ಖಾನಿಯವರ ಕೈಗಿ ಹೋಗಂಗಿಲ್ಲಂತ ಖುದಾನ ಮ್ಯಾಲ ಆಣಿ ಮಾಡು,” ಎಂದರು ಕಾಕಾ.

“ಆಣಿ ಮಾಡಂಗಿಲ್ಲ. ಇದು ಬೆಳಿ ನೋಡಾಕ ತೆಗೆದ ಚಿತ್ರ. ಮುಂದ ಯಾರು ಕೇಳ್ತಾರ, ಯಾರಿಗಿ ಕೊಡ್ತಾರ ನನಗ ಗೊತ್ತಿಲ್ಲ.”

“ಗೊತ್ತಿಲ್ಲ ಅಂದ್ರ ಹೋಗಬಹುದು ಅಂದಂಗ ಆಯ್ತು.”

“ಗೊತ್ತಿಲ್ಲ ಅಂದ್ರ ಗೊತ್ತಿಲ್ಲ ಅಂದಂಗ.”

ಯಾರೋ ಹಿಂದಿನಿಂದ ನೀರು ಹೇಗೆ ಕಾಣುತ್ತದೆ ಎಂದು ಕೇಳಿದರು. ಕಪ್ಪು ಎಂದೆ. ಮುಂದಿನ ಚಿತ್ರ ಯಾವಾಗ ಎಂದರು. ಹದಿನೇಳಕ್ಕೆ, ಮುಂಜಾನೆ ಹತ್ತರೊಳಗೆ ಎಂದೆ. ಕೇಳಿದ್ದಕ್ಕೆಲ್ಲ ನಿಜ ಹೇಳಿ ಜೀಪು ಹತ್ತಿ ಹೊರಟುಬಿಟ್ಟೆ. ಮಾಡಬೇಕಾದದ್ದು ಮಾಡಿದೆ.

ಆದರೂ ಊಟ ಸೇರಲಿಲ್ಲ.

೯ ಡಿಸೆಂಬರ್

ಏನೋ ನಡೆಯುತ್ತಿದೆ. ನಾನು ಬಂದರೆ ಬಾವಿಯ ಹತ್ತಿರ ಹೆಂಗಸರು ಮಾತು ನಿಲ್ಲಿಸುತ್ತಾರೆ. ಅಬ್ಬಾ ಮನೆಯಲ್ಲಿ ಉರ್ದುವಿನಲ್ಲಿ ಬೈಯುವವನು, ಹೊಲದಲ್ಲಿ ಕನ್ನಡದಲ್ಲಿ. ಈಗ ಎರಡೂ ಕಡೆ ಬೈಯುತ್ತಿಲ್ಲ. ಅದು ಇನ್ನೂ ಕೆಟ್ಟದ್ದು.

ಕೊನೆಗೆ ಅಮ್ಮಿಯ ಬಾಯಿಂದ ಹೊರಬಿತ್ತು. ಕಟ್ಟೆಯಲ್ಲಿ ತೀರ್ಮಾನ ಆಗಿದೆಯಂತೆ. ತೊಗರಿ ಹೇಗೂ ಒಣಗಿ ಕೊಯ್ಲಿಗೆ ಬಂದಿದೆ, ಅದು ಕೆಂಪು ಕಾಣುವುದಿಲ್ಲ. ಗೋಧಿ, ಶೇಂಗಾ ಇನ್ನೂ ಗೇಣುದ್ದ ಇಲ್ಲ. ಹದಿನಾರಕ್ಕೆ ತೂಬು ಎತ್ತಿ ಎಲ್ಲ ಹೊಲಕ್ಕೂ ನೀರು ತುಂಬಿಸಿ ನಿಲ್ಲಿಸುವುದು. ಹದಿನೇಳಕ್ಕೆ ಚಿತ್ರದಲ್ಲಿ ಊರೆಲ್ಲ ಕಪ್ಪು. ಕೆಂಪು ಎಲ್ಲೂ ಇರುವುದಿಲ್ಲ.

ಓಡಿಹೋಗಿ ಅಬ್ಬಾನಿಗೆ ಹೇಳಿದೆ. “ಬೆಳಿ ಕಾಣದಿದ್ರ ಜನವರಿ ನೀರು ಬರಂಗಿಲ್ಲ ಅಬ್ಬಾ! ಬೆಳಿ ಕಾಣಬೇಕಂತಲೇ ಚಿತ್ರ ತೆಗಿಯೋದು!”

“ಹೊಲಾನೇ ಹೋದ್ರ ನೀರು ತಗೊಂಡು ತೆಲಿ ಮ್ಯಾಲ ಸುರ್ಕೋಬೇಕಾ?”

“ಹೊಲ ಹೋಗ್ತದ ಅಂತ ಯಾರು ಹೇಳ್ಯಾರ?”

“ಹೋಗಂಗಿಲ್ಲ ಅಂತ ನೀನು ಹೇಳು ಮತ್ತ.”

ನಾನು ಹೇಳಲಿಲ್ಲ. ಗೊತ್ತಿಲ್ಲದ್ದನ್ನು ಹೇಗೆ ಹೇಳಲಿ? ಅಬ್ಬಾ ಬೀಡಿ ಹಚ್ಚಿಕೊಂಡು ಆಚೆ ನೋಡಿದ.

ಅವರು ಹುಚ್ಚರು. ನೀರು ಉಳಿಸಲು ತೆಗೆಯುವ ಚಿತ್ರಕ್ಕೆ ಹೆದರಿ ಇದ್ದ ನೀರನ್ನೆಲ್ಲ ಚೆಲ್ಲಲು ಹೊರಟಿದ್ದಾರೆ. ಇದನ್ನು ಕಲಿಸಿದವನು ನಾನೇ.

೧೪ ಡಿಸೆಂಬರ್

ಸೇಡಂಗೆ ಹೋದೆ. ಮೇಡಂ ಇಲ್ಲ, ಇಪ್ಪತ್ತರ ಮೇಲೆ ಬರುತ್ತಾರಂತೆ. ಕಾಲುವೆ ಕಚೇರಿಯ ಮುಂದೆ ನಿಂತೆ. ಒಳಗೆ ನಾಗೇಂದ್ರಪ್ಪ ಸಾಹೇಬರು ಕೂತಿದ್ದರು. ಹೇಳಿದರೆ ತೂಬಿಗೆ ಪೊಲೀಸರನ್ನು ನಿಲ್ಲಿಸುತ್ತಾರೆ. ಹೇಳದಿದ್ದರೆ ಜನವರಿಯಲ್ಲಿ ಗೋಧಿ ಸಾಯುತ್ತದೆ.

“ಏನಪಾ, ಯಾರು ಬೇಕಾಗಿತ್ತು?” ಎಂದು ಜವಾನ ಕೇಳಿದ.

“ಯಾರೂ ಬ್ಯಾಡ,” ಎಂದೆ.

ಸಾಹೇಬರು ನನಗೆ ಬೇಕಾಗಿತ್ತು, ನಾನು ಸುಳ್ಳು ಹೇಳಿದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೊಂದೇ ಮಾತು ತಲೆಯಲ್ಲಿ ತಿರುಗಿತು.

೧೬ ಡಿಸೆಂಬರ್

ಹಗಲು ಹೊತ್ತಿನಲ್ಲೇ ಮಾಡಿದರು. ಮದುವೆ ಮನೆಯ ಗದ್ದಲ. ತೂಬು ಕಾಯುವ ಸಾಯಬಣ್ಣನ ಹೆಂಡತಿಯ ತವರು ನಮ್ಮೂರೇ, ಅವಳ ಅಣ್ಣನ ಹೊಲವೂ ತುದಿಯಲ್ಲಿದೆ. ಅವನೇ ತಿರುಪು ತಿರುಗಿಸಿದ. ನೀರು ಭರ್ರನೆ ಬಂತು. ಜನ ಸಲಿಕೆ ಹಿಡಿದು ಬದುವಿನಿಂದ ಬದುವಿಗೆ ಓಡಿದರು. ಮಧ್ಯಾಹ್ನದ ಹೊತ್ತಿಗೆ ಗೋಧಿಯ ತುದಿಗಳು ಮಾತ್ರ ನೀರಿನ ಮೇಲೆ ಕಾಣುತ್ತಿದ್ದವು, ಶೇಂಗಾ ಅದೂ ಇಲ್ಲ.

ಒಂದು ಹೊಲಕ್ಕೆ ಮಾತ್ರ ನೀರು ಹೋಗಲಿಲ್ಲ. ನಮ್ಮ ಪಕ್ಕದ ಶರಣಬಸಮ್ಮ ಆಯಿ ತನ್ನ ಬದುವಿನ ಮೇಲೆ ಕುಡಗೋಲು ತೊಡೆಯ ಮೇಲಿಟ್ಟುಕೊಂಡು ಕುಳಿತುಬಿಟ್ಟಿದ್ದಳು. ಗಂಡ ಸತ್ತ ಮೇಲೆ ಆ ಹೊಲ ಒಬ್ಬಳೇ ಮಾಡಿದವಳು.

“ಆಯಿ, ಊರ ಜೊತಿ ನಡೀಬೇಕವಾ,” ಎಂದರು ಗುರುಲಿಂಗಪ್ಪ ಕಾಕಾ.

“ಊರು ಬಾವಿಗಿ ಬಿದ್ರ ನಾನು ದಂಡಿ ಮ್ಯಾಲ ಕುಂತು ಹಗ್ಗ ಹಿಡೀತೀನಿ. ನಡಿ ಅತ್ಲಾಗ. ಮೊನ್ನೆರೆ ನೀರು ಹಾಯ್ಸೀನಿ, ಮತ್ತ ನಿಲ್ಸಿದ್ರ ಬೇರು ಕೊಳೀತದ.”

“ನಿನ್ನ ಹೊಲ ಒಂದೇ ಕೆಂಪ ಕಾಣ್ತದ ನೋಡು.”

“ಕಾಣ್ಲಿ. ಕುಂಕುಮ ಹಚ್ಚಿ ಭಾಳ ದಿನ ಆಗ್ಯಾವ, ಹೊಲಕ್ಕರೆ ಇರ್ಲಿ.”

ಗಂಡಸರು ಅವಳ ಹೊಲ ಬಿಟ್ಟು ಮುಂದೆ ಹೋದರು.

ನಾನು ದೂರದಲ್ಲಿ ನಿಂತು ನೋಡಿದೆ. ಯಾರಿಗೂ ಸಹಾಯ ಮಾಡಲಿಲ್ಲ, ಯಾರನ್ನೂ ತಡೆಯಲಿಲ್ಲ.

೧೭ ಡಿಸೆಂಬರ್

ಆಕಾಶ ತೊಳೆದಂತೆ ಇತ್ತು. ಒಂದು ಚೂರು ಮೋಡ ಇಲ್ಲ. ಊರಿಗೆ ಊರೇ ಹೊರಗೆ ಬಂದು ಮೇಲೆ ನೋಡುತ್ತ ನಿಂತಿತ್ತು. ಹದ್ದೊಂದು ಸುತ್ತಿದಾಗ ಅದೇ ಇರಬೇಕು ಎಂದು ಒಬ್ಬ ಕೈ ಮುಗಿದ. ಹತ್ತು ಗಂಟೆ ಆಯಿತು, ಏನೂ ಕಾಣಲಿಲ್ಲ, ಸದ್ದೂ ಇಲ್ಲ.

“ತೆಗೀತೇನೋ ಬಂದೇ?” ಅಬ್ಬಾ ಕೇಳಿದ.

“ತೆಗೀತು ಅಬ್ಬಾ.”

“ಚಲೋ ಆಯ್ತು,” ಎಂದ. ಮುಖ ಮಾತ್ರ ಚಲೋ ಇರಲಿಲ್ಲ.

೨೦ ಡಿಸೆಂಬರ್

ನೀರು ಇಂಗುತ್ತಿಲ್ಲ. ಕಪ್ಪು ಮಣ್ಣು ಒಮ್ಮೆ ಕುಡಿದರೆ ಬಿಡುವುದಿಲ್ಲ. ಅಬ್ಬಾನ ಹೊಲದ ತಗ್ಗಿನ ಕಡೆ ಗೋಧಿ ಹಳದಿಗೆ ತಿರುಗಿದೆ. ಬುಡ ಹಿಡಿದು ಎಳೆದರೆ ಬೇರು ಕೊಳೆತ ವಾಸನೆ ಬರುತ್ತದೆ. ಮುಂಜಾನೆಯಿಂದ ಇಬ್ಬರೂ ಬಸಿಗಾಲುವೆ ತೋಡಿದೆವು. ಅವನ ಉಸಿರು ಸಿಳ್ಳೆ ಹೊಡೆಯುತ್ತಿತ್ತು. ಸಲಿಕೆ ಕಿತ್ತುಕೊಳ್ಳಲು ಹೋದೆ, ಕೊಡಲಿಲ್ಲ. ಮತ್ತೆ ಎಳೆದೆ, ಕೊಟ್ಟ.

ಅಂಗೈಯಲ್ಲಿ ಬೊಕ್ಕೆ ಎದ್ದಿವೆ.

೨೩ ಡಿಸೆಂಬರ್

ಆಗಬೇಕಾದದ್ದು ಆಯಿತು. ಮೇಲಿನ ಊರಿನವರು ಕಾಲುವೆಯ ನೀರು ಇಳಿದಿದೆ ಎಂದು ದೂರು ಕೊಟ್ಟಿದ್ದಾರೆ. ನಾಗೇಂದ್ರಪ್ಪ ಸಾಹೇಬರು ಬಂದರು, ಜೊತೆಗೆ ಲಲಿತಾಬಾಯಿ ಮೇಡಂ. ಎಲ್ಲರನ್ನೂ ತೂಬಿನ ಹತ್ತಿರ ಕರೆಸಿದರು.

“ಏನಾಗೇದ ಸಾಯಬಣ್ಣ?”

“ಕಾಡುಹಂದಿ ಬದು ಒಡದಾವರಿ ಸಾಹೇಬ್ರ.”

“ತಿರುಪಿಗಿ ಹೊಸಾ ಎಣ್ಣಿ ಹಚ್ಯಾವ. ನಿಮ್ಮೂರ ಹಂದಿ ಭಾಳ ಶ್ಯಾಣ್ಯಾ ಅವ ಬಿಡು.”

ಸಾಹೇಬರು ಸುತ್ತ ನೋಡಿ ನನ್ನ ಮೇಲೆ ಕಣ್ಣು ನಿಲ್ಲಿಸಿದರು. “ನೀನು ಮೇಡಂ ಅವರ ಕಡೆ ಕೆಲಸ ಮಾಡಾಂವ ಅಲ್ಲೇನು? ನೀ ಹೇಳು.”

ಅಬ್ಬಾ ನೆಲ ನೋಡುತ್ತಿದ್ದ. ಸಾಯಬಣ್ಣ ನನ್ನನ್ನೇ ನೋಡುತ್ತಿದ್ದ. ಒಂದು ಹಂದಿಯನ್ನು ಒಪ್ಪಿಕೊಂಡಿದ್ದರೆ ಮುಗಿಯುತ್ತಿತ್ತು.

“ಹಂದಿ ಅಲ್ಲರಿ. ತೂಬು ಎತ್ತಿ ನೀರು ತುಂಬ್ಸಿದ್ರು. ನಮ್ಮ ಅಬ್ಬಾನೂ ತುಂಬ್ಸ್ಯಾನ. ಚಿತ್ರದಾಗ ಕೆಂಪ ಕಂಡ್ರ ಹೊಲ ಕಾರ್ಖಾನಿಗಿ ಹೋಗ್ತದಂತ ಅಂಜಿ ಮಾಡಿದ್ರು. ನೀರು ಕಪ್ಪ ಕಾಣ್ತದಂತ ಹೇಳ್ದಾಂವ ನಾನು.”

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಸಾಹೇಬರು ಸಿಟ್ಟಿನಿಂದಲ್ಲ, ದಣಿದವರ ಹಾಗೆ ಹೇಳಿದರು. “ಜನವರಿದಾಗ ನಿಮಗ ಬರಬೇಕಾಗಿದ್ದ ಎರಡು ನೀರಿನಾಗ ಒಂದು ನೀವೇ ಕುಡದು ಬಿಟ್ರಿ. ಇನ್ನೊಂದು ಬೇಕಂದ್ರ ಬೆಳಿ ಅದ ಅಂತ ನಾನು ಮ್ಯಾಲಿನವ್ರಿಗಿ ಏನು ತೋರ್ಸ್ಲಿ? ಕಪ್ಪ ಚಿತ್ರ ತೋರ್ಸ್ಲಾ?”

ಮೇಡಂ ಹೇಳಿದರು, ಉಪಗ್ರಹ ಹದಿನಾರು ದಿನಕ್ಕೊಮ್ಮೆ ಬರುತ್ತದೆ, ಜನವರಿ ಎರಡಕ್ಕೆ ಇನ್ನೊಂದು ಚಿತ್ರ ಸಿಗಬಹುದು, ಅದರಲ್ಲಿ ಬೆಳೆ ಕಂಡರೆ ಕೇಳಿ ನೋಡೋಣ. ಸಾಹೇಬರು ಒಪ್ಪಿದರು. ಆಮೇಲೆ ಸಾಯಬಣ್ಣನನ್ನು ಚಿತ್ತಾಪುರದ ಕಡೆಯ ತೂಬಿಗೆ ಹಾಕಿದರು. ಅವನ ಮಕ್ಕಳು ಇಲ್ಲಿಯ ಶಾಲೆಯಲ್ಲಿದ್ದಾರೆ.

ಜೀಪಿನಲ್ಲಿ ಜಾಗ ಇತ್ತು. “ಬರ್ತೀಯೇನು?” ಎಂದು ಮೇಡಂ ಕೇಳಿದರು. ಬಸಿಗಾಲುವೆ ಅರ್ಧ ಆಗಿತ್ತು, ನಾಳೆ ಬರುತ್ತೇನೆ ಎಂದೆ.

೨೪ ಡಿಸೆಂಬರ್

ಯಾರೂ ಮಾತಾಡಿಸಲಿಲ್ಲ. ಅಮ್ಮಿ ಕೂಡ ರೊಟ್ಟಿ ತಟ್ಟೆಗೆ ಹಾಕಿ ಒಳಗೆ ಹೋದಳು.

೨೭ ಡಿಸೆಂಬರ್

ಎರಡನೇ ತಾರೀಕಿನೊಳಗೆ ಏನು ಮಾಡಬೇಕು ಎಂದು ಹೇಳಲೇಬೇಕಿತ್ತು. ನೀರು ಪೂರ್ತಿ ಬಸಿದು ಹೋಗಬೇಕು, ಆವತ್ತಿಗೆ ಎಲೆ ಮೇಲೆ ಬಂದಿರಬೇಕು. ಒಬ್ಬಿಬ್ಬರು ಮಾಡಿದರೆ ಸಾಲದು. ಮೇಲಿನ ಹೊಲದ ನೀರು ಕೆಳಗಿನದಕ್ಕೆ ಬರುತ್ತದೆ. ಎಲ್ಲರೂ ಕೂಡಿ ಒಂದೇ ಬಸಿಗಾಲುವೆ ಹಳ್ಳದವರೆಗೆ ತೋಡಬೇಕು.

ಕಟ್ಟೆಗೆ ಹೋದೆ. ಗುರುಲಿಂಗಪ್ಪ ಕಾಕಾ ಮುಖ ತಿರುಗಿಸಿದರು. “ಚಾಡಿ ಹೇಳಾಂವ ಬಂದಾನ, ಜಾಗ ಬಿಡ್ರಿ.”

ಹೇಳಬೇಕಾದದ್ದು ಹೇಳಿದೆ. ಬೇರೆ ದಿನವಾಗಿದ್ದರೆ ಎದ್ದು ಬರುತ್ತಿದ್ದೆ. ಕಾಲು ಏಳಲಿಲ್ಲ, ಅಲ್ಲೇ ಕುಳಿತೆ.

“ಮತ್ತ ಕೆಂಪ ಮಾಡ್ರಿ ಅಂತೀ. ಕಾರ್ಖಾನಿಯವರು ನೋಡಂಗಿಲ್ಲ ಅಂತ ಈಗರೆ ಆಣಿ ಮಾಡ್ತೀಯಾ?”

“ಇಲ್ಲ ಕಾಕಾ. ಈಗೂ ಗೊತ್ತಿಲ್ಲ.”

ಆಗ ಶರಣಬಸಮ್ಮ ಆಯಿ ಬೀದಿಯಲ್ಲಿ ಹುಲ್ಲಿನ ಹೊರೆ ಹೊತ್ತು ಹೋಗುತ್ತಿದ್ದವಳು ಹೊರೆಯನ್ನು ಇಳಿಸದೆಯೇ ನಿಂತಳು.

“ಗುರುಲಿಂಗಪ್ಪ, ಕಾಗಿಣಾದ ಆಚೆ ನನ್ನ ತವರಿನ ಹೊಲ ಹೋತಲ್ಲ, ಆವಾಗ ಅದರಾಗ ಏನು ಬೆಳಿ ಇತ್ತು?”

“ಏನಿತ್ತವಾ?”

“ಏನೂ ಇದ್ದಿಲ್ಲ. ಬೀಳು ಬಿದ್ದಿತ್ತು. ಪಕ್ಕದಾಗ ತೋಟ ಇತ್ತು, ಅದೂ ಹೋತು. ಅವರು ಮಿಶಿನು ತಂದು ನೆಲಕ್ಕ ತೂತು ಹಾಕಿ ಕಲ್ಲು ನೋಡಿದ್ರು. ಕಲ್ಲು ಬೇಕಾದವ್ರು ಗೋಧಿ ನೋಡ್ತಾರೇನು? ತಗೋಬೇಕಂದ್ರ ಕಪ್ಪ ಇದ್ರೂ ತಗೋತಾರ. ಅವತ್ತಿನ ತನಕ ಉಣ್ಣಬ್ಯಾಡೇನು?”

ಹೊರೆ ಸರಿ ಮಾಡಿಕೊಂಡು ಹೋದಳು.

ಕಾಕಾ ನನ್ನ ಕಡೆ ತಿರುಗಿ ಕೇಳಿದರು. “ಹಳ್ಳದ ತನಕ ತೋಡಾಕ ಎಷ್ಟು ಮಂದಿ ಬೇಕೋ?”

೩೦ ಡಿಸೆಂಬರ್

ಕೆಲಸ. ಬರೆಯಲು ಬೆರಳು ಮಡಚುತ್ತಿಲ್ಲ. ನೀರು ಹಳ್ಳಕ್ಕೆ ಇಳಿಯುತ್ತಿದೆ.

೧ ಜನವರಿ ೧೯೮೪

ಮೋಡ. ಈ ದಿನಗಳಲ್ಲಿ ಯಾಕೆ ಮೋಡ? ಹದಿನೇಳಕ್ಕೆ ಬೇಡವಾಗಿದ್ದಾಗ ಆಕಾಶ ಎಷ್ಟು ಚೊಕ್ಕ ಇತ್ತು. ಹತ್ತಿಯ ಹಾಗೆ ಬಂದು ನಮ್ಮ ತಲೆಯ ಮೇಲೆಯೇ ಕೂತಿದೆ. ಹಿಂದಿನ ಸಲ ಊರು ಕೂಡಿ ಬೇಡಿದ್ದು ಕಾಣದಿರಲಿ ಎಂದು. ಈಗ ಕಾಣಲಿ ಎಂದು ಬೇಡುತ್ತಿದ್ದೇವೆ. ಮೇಲಿರುವವನಿಗೂ ತಲೆ ಕೆಟ್ಟಿರಬೇಕು.

೨ ಜನವರಿ

ಮುಂಜಾನೆ ಹೊಲದಲ್ಲೇ ಇದ್ದೆ. ಒಂಬತ್ತಕ್ಕೆ ಮೂಡಣದ ಕಡೆ ತೆರೆಯಿತು. ಪಡುವಣದ ಕಡೆ, ನಮ್ಮ ಗೋಧಿಯ ಮೇಲೆ, ದಟ್ಟವಾಗಿಯೇ ಇತ್ತು. ಮೋಡದ ನೆರಳು ಬದು ದಾಟುವುದನ್ನು ನೋಡುತ್ತ ಅಬ್ಬಾ ಎತ್ತಿಗೆ ಹೇಳುವ ಹಾಗೆ “ಹೋಗು, ಹೋಗು” ಎನ್ನುತ್ತಿದ್ದ. ಅದು ಹತ್ತೂವರೆಗೆ ಹೋಯಿತು.

ತಡವಾಯಿತು.

೭ ಜನವರಿ

ಗೊತ್ತಿಲ್ಲ. ಊರಿನವರು ಹಾದಿಯಲ್ಲಿ ಕೇಳುತ್ತಾರೆ, ಬಂತೇನು, ಬಂತೇನು. ಗೊತ್ತಿಲ್ಲ, ಗೊತ್ತಿಲ್ಲ. ಉಗುರುಗಳನ್ನೆಲ್ಲ ಕಚ್ಚಿ ಮುಗಿಸಿದ್ದೇನೆ. ಮಣ್ಣು ಬಿರಿಯಲು ಶುರುವಾಗಿದೆ. ಕಿರುಬೆರಳು ಇಳಿಯುವಷ್ಟು.

೧೩ ಜನವರಿ

ಸೇಡಂನಿಂದ ಮೇಡಂ ಹೇಳಿಕಳಿಸಿದರು. ಪ್ರವಾಸಿ ಮಂದಿರದ ಮೇಜಿನ ಮೇಲೆ ಎರಡು ಚಿತ್ರ ಹಾಸಿದ್ದರು. ನಾಗೇಂದ್ರಪ್ಪ ಸಾಹೇಬರೂ ಇದ್ದರು.

ಡಿಸೆಂಬರಿನದು ಮೊದಲು ನೋಡಿದೆ. ಕಾಲುವೆಯ ತುದಿ ಮಸಿ ಬಳಿದ ಹಾಗೆ ಇತ್ತು. ನಡುವೆ ಒಂದೇ ಒಂದು ಕೆಂಪು ಚುಕ್ಕಿ, ಸಾಸಿವೆಯಷ್ಟು. ಶರಣಬಸಮ್ಮ ಆಯಿಯ ಹೊಲ.

ಜನವರಿಯದರಲ್ಲಿ ಮೂಡಣದ ಹೊಲಗಳು ತಿಳಿಗೆಂಪು ಕಂಡವು. ಎದೆ ಹಗುರಾಯಿತು. ಆದರೆ ಪಡುವಣದ ಅರ್ಧ ಬೆಳ್ಳಗೆ, ಬರೀ ಮೋಡ. ಅಬ್ಬಾನ ಹೊಲ, ಆಯಿಯ ಹೊಲ, ಗುರುಲಿಂಗಪ್ಪ ಕಾಕಾರ ಶೇಂಗಾ, ಎಲ್ಲವೂ ಆ ಬಿಳುಪಿನ ಕೆಳಗೆ.

“ಕಂಡಿದ್ದಕ್ಕ ನೀರು ಕೊಡ್ತೀನಿ,” ಎಂದರು ಸಾಹೇಬರು. “ಮೋಡಕ್ಕ ಹೆಂಗ ಕೊಡ್ಲಿ?”

ಮೇಡಂ ನನ್ನ ಕಡೆ ತಿರುಗಿದರು. “ಇದರ ಕೆಳಗ ಏನದ ಬಂದೇಅಲಿ?”

ಎಲ್ಲ ಕಡೆ ಬೆಳೆ ಇದೆ ಎಂದರೆ ಸಾಕಾಗಿತ್ತು. ಇಬ್ಬರೂ ನೋಡಿ ಬಂದವರಲ್ಲ, ಊರು ಅಷ್ಟು ಹತ್ತಿರವೂ ಅಲ್ಲ. ಒಂದು ಉಸಿರಿನಲ್ಲಿ ಊರೆಲ್ಲ ಬದುಕುತ್ತಿತ್ತು.

“ಏರಿನ ಕಡಿ ಗೋಧಿ ಚಲೋ ಅದ,” ಎಂದೆ. “ತಗ್ಗಿನ ಕಡಿ ಕೊಳೆತು ಹೋಗೇದ. ನಮ್ಮದು ಅರ್ಧ ಹೋಗೇದ. ಗುರುಲಿಂಗಪ್ಪ ಕಾಕಾ ಅವರ ಶೇಂಗಾ ಪೂರಾ ಹೋಗೇದ. ಅದಕ್ಕ ನೀರು ಬಿಟ್ರ ದಂಡ. ಉಳಿದಿದ್ದಕ್ಕ ಬಿಡ್ರಿ.”

“ಆವತ್ತು ಅಪ್ಪನ ಹೆಸರೂ ಮುಚ್ಚಿಡಲಿಲ್ಲ ಈ ಹುಡುಗ,” ಎಂದರು ಸಾಹೇಬರು ಮೇಡಂಗೆ. ಪೆನ್ನು ತೆಗೆದು ಚಿತ್ರದ ಬಿಳಿಯ ಮೇಲೆ ಗೆರೆ ಹಾಕಲು ಕೊಟ್ಟರು. ಎಲ್ಲಿಯವರೆಗೆ ಜೀವ ಇದೆ, ಎಲ್ಲಿಂದ ಇಲ್ಲ. ಅಬ್ಬಾನ ಹೊಲದ ನಡುವೆ ಗೆರೆ ಎಳೆಯುವಾಗ ಬದುವಿನ ಒಂದೊಂದು ಕಲ್ಲೂ ನೆನಪಿಗೆ ಬಂತು. ಒಂದು ಮೊಳ ಆಚೆ ಹಾಕಲಿಲ್ಲ, ಈಚೆಯೂ ಹಾಕಲಿಲ್ಲ.

ಇನ್ನೊಂದು ಸುದ್ದಿ. ಮೇಡಂ ಅವರ ತಂಡ ಇಲ್ಲಿಯ ಕೆಲಸ ಮುಗಿಸಿ ಮುಂದಿನ ವಾರ ಬೀದರ್ ಕಡೆ ಹೋಗುತ್ತದೆ. ನನ್ನನ್ನೂ ಕರೆದರು. ಬರುತ್ತೇನೆ ಎಂದೆ.

೧೫ ಜನವರಿ

ಕಾಕಾರಿಗೆ ಇನ್ನೂ ಹೇಳಿಲ್ಲ. ಅವರ ಶೇಂಗಾಕ್ಕೆ ನೀರು ಬಿಟ್ಟರೆ ದಂಡ ಎಂದು ಬರೆಸಿದವನು ನಾನು. ಎರಡು ಸಲ ಮನೆಯವರೆಗೆ ಹೋಗಿ ಬಂದೆ. ಅವರು ದಿನಾ ಮುಂಜಾನೆ ಹೋಗಿ ಬಳ್ಳಿ ಎತ್ತಿ ನೋಡುತ್ತಾರೆ. ಬಳ್ಳಿ ಕಪ್ಪಾಗಿದೆ. ಆದರೂ ಎತ್ತಿ ನೋಡುತ್ತಾರೆ.

೧೬ ಜನವರಿ

ಹೇಳಿದೆ. ಅವರ ಹೊಲದಲ್ಲೇ ಹೇಳಿದೆ, ಅವರ ಪಕ್ಕದಲ್ಲಿ ಕೂತು. ಕಾಕಾ ಬೈಯಲಿಲ್ಲ. “ಒಂದು ನೀರು ಕೊಟ್ರ ಚಿಗೀಬಹುದಲ್ಲೋ,” ಎಂದರು. “ಚಿಗಿಯಂಗಿಲ್ಲ ಕಾಕಾ,” ಎಂದೆ. ಹೊತ್ತು ಏರುವವರೆಗೆ ಇಬ್ಬರೂ ಅಲ್ಲೇ ಕೂತಿದ್ದೆವು. ಅವರು ಒಪ್ಪಿದರೋ ಇಲ್ಲವೋ ಗೊತ್ತಾಗಲಿಲ್ಲ.

೨೧ ಜನವರಿ

ನೀರು ಬಂತು.

ಹೊಸ ತೂಬಿನವನು ಮುಂಜಾನೆ ಬಿಟ್ಟ. ಸಣ್ಣಗೆ ಬಂತು, ಸಂಜೆಯವರೆಗೆ ಮಾತ್ರ. ನಮ್ಮ ಕಾಲುವೆಯ ದಾರಿ ಹೀಗಿದೆ. ಮೊದಲು ಕಾಕಾರ ಶೇಂಗಾ, ಅದರ ಮುಂದೆ ಆಯಿಯ ಹೊಲ, ಕೊನೆಗೆ ನಮ್ಮದು. ಕಾಲುವೆಯಿಂದ ಹೊಲಕ್ಕೆ ನೀರು ತಿರುಗಿಸುವ ಕಾಕಾರ ಮಡೆ ತೆರೆದೇ ಇತ್ತು. ಬೆಳಗ್ಗೆಯೇ ಅವರೇ ಬಂದು ತೆರೆದಿದ್ದರು. ನೀರು ಅಲ್ಲಿ ತಿರುಗಿ ಅವರ ಹೊಲಕ್ಕೆ ನುಗ್ಗಿತು. ನಾವೆಲ್ಲ ನೋಡುತ್ತ ನಿಂತೆವು. ಯಾರಿಗೂ ಹೇಳುವ ಧೈರ್ಯ ಇರಲಿಲ್ಲ. ಅವರು ಮಡೆಯ ಪಕ್ಕದಲ್ಲೇ ಸಲಿಕೆ ಊರಿ ನಿಂತಿದ್ದರು. ಸತ್ತ ಬಳ್ಳಿಗಳ ನಡುವೆ ನೀರು ಹರಡುವುದನ್ನು ನೋಡುತ್ತಿದ್ದರು.

ಅಬ್ಬಾ ನನ್ನ ತೋಳು ಹಿಡಿದ, ಏನೂ ಅನ್ನಬೇಡ ಎನ್ನುವ ಹಾಗೆ.

ಕಾಕಾ ತಿರುಗದೆಯೇ ಎಲ್ಲರಿಗೂ ಕೇಳುವಂತೆ ಕೇಳಿದರು. “ಬಂದೇ, ಇದರ ಮ್ಯಾಲ ಇನ್ನೊಂದು ನೀರು ಬರ್ತದೇನು? ಬರಬಹುದು ಅಂತರೆ ಅನ್ನು.”

ಆಯಿಯ ಗೋಧಿ ಪಕ್ಕದಲ್ಲಿ ನಿಂತಿತ್ತು. ನಮ್ಮದು ಅದರ ಆಚೆ.

“ಬರಂಗಿಲ್ಲ ಕಾಕಾ. ಇದೇ ಕಡೀದು.”

“ಖರೇನಾ?”

“ಖರೇ.”

ಕಾಕಾ ಬದುವಿನ ಮಣ್ಣಿಗೆ ಸಲಿಕೆ ಹಾಕಿ ಒಂದು ಹೆಂಟೆ ಕಿತ್ತು ತಮ್ಮ ಮಡೆಯ ಬಾಯಿಗೆ ಇಟ್ಟರು. ನೀರು ಅದನ್ನು ಕೊಚ್ಚ ಹತ್ತಿತು.

“ನಿಂತು ಏನು ನೋಡಾಕತ್ತೀದಿ? ಬಾ, ತುಳಿ.”

ಇಳಿದೆ. ಅವರು ಮಣ್ಣು ಹಾಕಿದರು, ನಾನು ತುಳಿದೆ. ನೀರು ನನ್ನ ಮೊಣಕಾಲಿಗೆ ಒತ್ತಿ ನಿಂತಿತು, ಸುತ್ತು ಹಾಕಿತು, ಆಮೇಲೆ ಕಾಲುವೆಯ ದಾರಿ ಹಿಡಿಯಿತು. “ಬಂತವಾ ಆಯಿ, ಮಡಿ ತೆಗಿ!” ಎಂದು ಕಾಕಾ ಕೂಗಿದರು. ಅವರ ದನಿ ನಡುವೆ ಒಡೆಯಿತು. ಆಯಿ ಯಾವ ತಮಾಷೆಯನ್ನೂ ಮಾಡದೆ ಮಡೆ ತೆರೆದಳು.

ಮಧ್ಯಾಹ್ನ ಬೀದರ್‌ಗೆ ಹೊರಟ ಮೇಡಂ ಅವರ ಜೀಪು ಬಂದು ಊರ ಮುಂದೆ ಹಾರನ್ ಮಾಡಿತಂತೆ, ಕಾದು ಹೋಯಿತಂತೆ. ಅಮ್ಮಿ ಹೇಳಿದಳು. ನೀರಿನ ಸದ್ದಿನಲ್ಲಿ ಕೇಳಿಸಲಿಲ್ಲ.

ನಮ್ಮ ಗೋಧಿಗೆ ಹೊತ್ತು ಇಳಿಯುವ ಮುಂಚೆ ಮುಟ್ಟಿತು. ಏರಿನ ಕಡೆಯಿಂದ ಬಿಟ್ಟುಕೊಂಡು ಬಂದೆವು. ಹೊಲದ ನಡುವೆ ಹಳದಿ ಶುರುವಾಗುವಲ್ಲಿ ಅಬ್ಬಾ ಮಣ್ಣು ಕಟ್ಟಿದ. ಅದರ ಈಚೆಗೆ ಒಂದು ಮೂಲೆ ಉಳಿದಿತ್ತು. ಅಷ್ಟರಲ್ಲಿ ಕಾಲುವೆಯಲ್ಲಿ ನೀರು ತೆಳುವಾಯಿತು. ಮಡೆಯಲ್ಲಿ ನಿಂತದ್ದನ್ನು ನಾನು ಕೊಡದಲ್ಲಿ ಎತ್ತಿ ಎತ್ತಿ ಆ ಮೂಲೆಗೆ ಹಾಕಿದೆ. ಕಾಕಾ ಬದುವಿನ ಮೇಲೆ ಕುಳಿತು, “ಬುಡಕ್ಕ ಹಾಕೋ, ಎಲಿಗಿ ಅಲ್ಲ,” ಎಂದು ಬೈಯುತ್ತಿದ್ದರು.